ತಟ್ಟಿ ನೋಡಿದ ತಟ್ಟೆ

ವಾಮದೇವಪ್ಪನವರ ಬಹುಕಾಲದ ದೂರು ಏನೆಂದರೆ, ಊರೆಲ್ಲ ನಿಂತು ಕೇಳುವ ತಮ್ಮ ಮಾತನ್ನು ಮನೆಯಲ್ಲಿ ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು. (ಮನೆಯವರಿಗೂ ಒಂದು ದೂರಿತ್ತು. ಅದನ್ನು ಇವರು ಕಿವಿಗೆ ಹಾಕಿಕೊಂಡಿರಲಿಲ್ಲ.)

ದಾವಣಗೆರೆಯ ಮಂಡಿಪೇಟೆಯಲ್ಲಿ ಅವರದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್ಟು, ಕೊಡ, ಬುಟ್ಟಿ, ಜಗ್ಗು, ಸ್ಟೂಲು ಎಲ್ಲ ಬಾಗಿಲು ದಾಟಿ ಬೀದಿಗೆ ಉಕ್ಕಿ ಬಂದಿರುತ್ತಿದ್ದವು. ಉಳಿದ ಅಂಗಡಿಯವರು ಬೆಲೆ ಹೇಳಿ ಮಾರಿದರೆ ವಾಮದೇವಪ್ಪನವರು ತಟ್ಟಿ ಮಾರುತ್ತಿದ್ದರು. ಗಿರಾಕಿಯ ಎದುರಿಗೆ ಬಕೆಟ್ಟನ್ನು ಬೋರಲು ಹಾಕಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರ ಹಾಗೆ ತಲೆ ವಾಲಿಸಿ, ಒಂದು ಗಳಿಗೆ ಇಡೀ ಮಂಡಿಪೇಟೆಯನ್ನೇ ಮೌನದಲ್ಲಿ ನಿಲ್ಲಿಸಿ, ಆಮೇಲೆ ತೀರ್ಪು ಕೊಡುತ್ತಿದ್ದರು: "ಹೊಸ ಮಾಲು." ಅಥವಾ ಮೂಗು ಸೊಟ್ಟ ಮಾಡಿ, "ಗುಜರಿ." ಹೊಸ ಮಾಲೆಂದರೆ ಹೊಚ್ಚ ಹೊಸ ಪ್ಲಾಸ್ಟಿಕ್ ಕಾಳು ಕರಗಿಸಿ ಅಚ್ಚಿಗೆ ಹಾಕಿದ್ದು. ಗುಜರಿ ಎಂದರೆ ಒಡೆದ ಕೊಡ, ಮುರಿದ ಕುರ್ಚಿಗಳನ್ನು ಪುಡಿ ಮಾಡಿ, ಕರಗಿಸಿ, ಮತ್ತೊಮ್ಮೆ ಅಚ್ಚಿಗೆ ಹಾಕಿದ್ದು. ಹೊಸದಕ್ಕೆ 'ಟಣ್' ಎಂಬ ನಾದವಿದೆ, ಗುಜರಿಗೆ 'ಡಬ್' ಎಂಬ ಅಪನಾದವಿದೆ ಎಂಬುದು ಅವರ ಸಿದ್ಧಾಂತ. ಪಕ್ಕದ ಊರಿನವರೂ ಮದುವೆಗೆ ಕೊಡುವ ಬಕೆಟ್ಟನ್ನು ಅವರಿಂದ ತಟ್ಟಿಸಿಕೊಂಡೇ ಒಯ್ಯುತ್ತಿದ್ದರು.

ನಿಜಲಿಂಗಪ್ಪ ಬಡಾವಣೆಯ ಸ್ವಂತ ಮನೆಯಲ್ಲಿ ಈ ವಿದ್ಯೆಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಹೆಂಡತಿ ಅಕ್ಕನಾಗಮ್ಮ ಉಪ್ಪಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲವನ್ನೂ ಸ್ಟೀಲು, ಪಿಂಗಾಣಿಗಳಲ್ಲಿಟ್ಟು, ಪ್ಲಾಸ್ಟಿಕ್ಕನ್ನು ಬಚ್ಚಲಿನ ಆಚೆಗೆ ದಾಟಗೊಟ್ಟಿರಲಿಲ್ಲ. ಮಗಳು ತನುಶ್ರೀ ಒಂದು ಕಾಲೇಜಿನಲ್ಲಿ ಆಟೋಟ ಕಲಿಸುವ ಮೇಡಂ. ಗದಗದ ಕಡೆಗೆ ಮದುವೆಯಾಗಿ ಹೋಗಿದ್ದವಳು, ಅದು ಮುರಿದು, ಕೋರ್ಟಿನ ವ್ಯವಹಾರವೆಲ್ಲ ಮುಗಿದು, ತವರಿಗೆ ಮರಳಿ ಬಂದಿದ್ದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ 'ಆ ವಿಷಯ' ಎಂದು ಹೆಸರು. ಮಗಳು ಬಂದ ವಾರವೇ ವಾಮದೇವಪ್ಪನವರು ಅವಳ ಕೋಣೆಗೆ ಹೊಸ ಮಂಚ ತರಿಸಿದರು, ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿದರು, ಬಚ್ಚಲಿಗೆ ಗೀಸರ್ ಹಾಕಿಸಿದರು. ಆ ವಿಷಯವನ್ನು ಮಾತ್ರ ಎತ್ತಲಿಲ್ಲ. ಎತ್ತದಿರುವುದೇ ತಾವು ಮಗಳಿಗೆ ಮಾಡುತ್ತಿರುವ ದೊಡ್ಡ ಉಪಕಾರವೆಂದು ಅವರು ನಂಬಿದ್ದರು.

ತನುಶ್ರೀ ತನ್ನ ಕಾಲೇಜಿನ ಮೈದಾನದ ಅಂಚಿನಲ್ಲಿ ಬೇವು, ಹೊಂಗೆ ಮರಗಳ ನಡುವೆ ಅಲ್ಲಲ್ಲಿ ಕಂಬ ನೆಡಿಸಿ, ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಸರಪಳಿಗಳನ್ನು ಇಳಿಬಿಡಿಸಿದ್ದಳು. ಅದು ಡಿಸ್ಕ್ ಗಾಲ್ಫ್ ಎಂಬ ಆಟ. ಕೋಲಿಲ್ಲ, ಚೆಂಡಿಲ್ಲ, ಗುಳಿಯಿಲ್ಲ. ಊಟದ ತಟ್ಟೆಗಿಂತ ಚಿಕ್ಕದಾದ, ಅಂಚು ಚೂಪಾದ ಪ್ಲಾಸ್ಟಿಕ್ ತಟ್ಟೆಯನ್ನು ದೂರದಿಂದ ಬೀಸಿ ಎಸೆದು, ಬಿದ್ದಲ್ಲಿಂದ ಮತ್ತೆ ಎಸೆಯುತ್ತಾ, ಕಡೆಗೆ ಆ ಸರಪಳಿಗೆ ತಾಗಿಸಿ ಬುಟ್ಟಿಯೊಳಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಬೀಳಿಸಿದವರು ಗೆದ್ದರು. ಬಡಾವಣೆಯ ಜನ ಇದಕ್ಕೆ 'ತಟ್ಟೆ ಆಟ' ಎಂದು ನಾಮಕರಣ ಮಾಡಿ ಕೈತೊಳೆದುಕೊಂಡರು.

ಸಕ್ಕರೆ ಕಾಯಿಲೆಗೆ ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ ಮೇಲೆ ವಾಮದೇವಪ್ಪನವರೂ ಬೆಳಿಗ್ಗೆ ಮಗಳ ಹಿಂದೆ ಮೈದಾನಕ್ಕೆ ಹೋಗತೊಡಗಿದರು. ಮೊದಲ ದಿನ ತಟ್ಟೆಯನ್ನು ಕೈಯಲ್ಲಿ ಹಿಡಿದದ್ದೇ ತಡ, ಪ್ರೇಮ ಅಂಕುರಿಸಿತು. ಆಟದ ಮೇಲಲ್ಲ, ಮಾಲಿನ ಮೇಲೆ. ಬೆಳಕಿಗೆ ಹಿಡಿದರೆ ಆಚೆ ಕಾಣುವಂಥ ಮೈ, ಮಡಚಿದರೆ ಮಡಚಿ ಬಿಟ್ಟರೆ ನೆಟ್ಟಗಾಗುವ ಗುಣ, ತಟ್ಟಿದರೆ ಶುದ್ಧ ಷಡ್ಜ. ಇಂಥ ಹೊಸ ಮಾಲನ್ನು ತಮ್ಮ ಜನ್ಮದಲ್ಲಿ ಕಂಡಿಲ್ಲವೆಂದು ಅವರು ಹೊರ ಊರಿನಿಂದ ಒಂದು ಕಟ್ಟು ತಟ್ಟೆಗಳನ್ನೇ ತರಿಸಿಕೊಂಡರು. ಅವರು ಎಸೆದದ್ದು ಮಾತ್ರ ಯಾವಾಗಲೂ ಎಡಕ್ಕೆ ವಾಲಿ ಜಾಲಿ ಪೊದೆಗೇ ಹೋಗುತ್ತಿತ್ತು. ಅಂಗಿಯ ತೋಳು ಹರಿದುಕೊಂಡು ಬಂದ ಗಂಡನನ್ನು ನೋಡಿ ಅಕ್ಕನಾಗಮ್ಮ, ಡಾಕ್ಟರು ನಡೀರಿ ಅಂದರೇ ಹೊರತು ಮುಳ್ಳಿನಲ್ಲಿ ಹೊರಳಿ ಅಂದಿರಲಿಲ್ಲವಲ್ಲ ಎಂದು ಕೇಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ತನುಶ್ರೀ ಹೊಸದೊಂದು ತಟ್ಟೆ ತಂದು ಮೇಜಿನ ಮೇಲಿಟ್ಟಳು. ಅದರ ಬಣ್ಣ ಇಂಥದ್ದೆಂದು ಹೇಳುವ ಹಾಗಿರಲಿಲ್ಲ. ಹೋಳಿ ಹುಣ್ಣಿಮೆಯ ಮರುದಿನ ಬಚ್ಚಲಿನಲ್ಲಿ ಹರಿಯುವ ನೀರಿನ ಹಾಗೆ ಕೆಂಪು, ನೀಲಿ, ಹಳದಿ ಒಂದರೊಳಗೊಂದು ಕಲಸಿಕೊಂಡಿದ್ದವು. ವಾಮದೇವಪ್ಪನವರು ತಟ್ಟಿದರು. ಮೂಗು ತಾನಾಗಿಯೇ ಸೊಟ್ಟಗಾಯಿತು. ಗುಜರಿ.

ತನುಶ್ರೀ ಬಿಟ್ಟುಕೊಡಲಿಲ್ಲ. ಮರಕ್ಕೆ ಬಡಿದು ಸೀಳಿದ ತಟ್ಟೆಗಳನ್ನೂ ಅಚ್ಚಿನ ಅಂಚಿನಲ್ಲಿ ಉಳಿಯುವ ತುಣುಕುಗಳನ್ನೂ ಕರಗಿಸಿ ಇದನ್ನು ಮಾಡಿದ್ದಾರೆ, ಮೂಲತಃ ಅದೇ ಪ್ಲಾಸ್ಟಿಕ್ಕು, ಕೈಗೆ ಸ್ವಲ್ಪ ಬಿರುಸು, ತೂಕ ಒಂದೊಂದರಲ್ಲಿ ಕೂದಲೆಳೆಯಷ್ಟು ಆಚೀಚೆ, ಆದರೆ ಹಾರಾಟದಲ್ಲಿ ಹೊಸದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣದು ಎಂದು ವಿವರಿಸಿದಳು. ಇಬ್ಬನಿಯಲ್ಲಂತೂ ಇದೇ ಜಾರದೆ ಕೈಗೆ ಹಿಡಿತ ಸಿಗುತ್ತದೆ ಎಂದಳು. ಮಾಡಿದವರು ಹರಿಹರದ ವೀರೇಶ್. ತುಂತುರು ನೀರಾವರಿಯ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಅವರ ಸಣ್ಣ ಕಾರ್ಖಾನೆಗೆ ತಾನೇ ಒಡೆದ ತಟ್ಟೆಗಳನ್ನು ಚೀಲದಲ್ಲಿ ತುಂಬಿ ಕೊಟ್ಟು ಬರುತ್ತಿದ್ದೇನೆ ಎಂದೂ ಹೇಳಿದಳು. ವಾಮದೇವಪ್ಪನವರು ಕೊನೆಯ ಮಾತಿಗೆ ಗಮನ ಕೊಡಲಿಲ್ಲ. ಅವರ ಗಮನವೆಲ್ಲ ಆ 'ಡಬ್' ಎಂಬ ಸದ್ದಿನಲ್ಲಿ ಸಿಕ್ಕಿಕೊಂಡಿತ್ತು. ಕೊನೆಯ ಮಾತಿಗೆ ಗಮನ ಕೊಟ್ಟವರು ಅಕ್ಕನಾಗಮ್ಮ.

ಕೆಲವು ದಿನ ಕಳೆದ ಮೇಲೆ ಅಕ್ಕನಾಗಮ್ಮ ಗಂಡನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ವಿಷಯ ತಿಳಿಸಿದರು. ಭಾನುವಾರ ಹರಿಹರದಿಂದ ವೀರೇಶ್ ಮತ್ತು ಅವನ ತಾಯಿ ನಾಗರತ್ನಮ್ಮ ಚಹಕ್ಕೆ ಬರುತ್ತಾರೆ. ಹುಡುಗನಿಗೆ ತನುಶ್ರೀ ಮೇಲೆ ಮನಸ್ಸಿದೆ, ಇವಳೂ ಬೇಡವೆಂದಿಲ್ಲ. ಆ ವಿಷಯ ಅವರಿಗೆ ಪೂರ್ತಿ ಗೊತ್ತು, ತಾಯಿಗೂ ಅಭ್ಯಂತರವಿಲ್ಲ. ಸುಮ್ಮನೆ ಮನೆ ನೋಡಿದ ಹಾಗಾಗಲಿ ಎಂದು ಬರುತ್ತಿದ್ದಾರೆ.

ವಾಮದೇವಪ್ಪನವರಿಗೆ ಎಷ್ಟು ಸಂತೋಷವಾಯಿತೆಂದರೆ, ಹುಡುಗ ಗುಜರಿ ವ್ಯಾಪಾರದವನೆಂಬುದನ್ನೂ ಅವರು ಒಂದು ಕ್ಷಣ ಮನ್ನಿಸಿಬಿಟ್ಟರು.

"ಅವತ್ತು ನೀವು ಮಾತು ಕಡಿಮೆ ಆಡ್ಬೇಕು. ಗದಗದ ಸುದ್ದಿ ಬ್ಯಾಡ. ಎಲೆಕ್ಷನ್ ಸುದ್ದಿ ಬ್ಯಾಡ. ಅವರ ಜಮೀನೆಷ್ಟು, ಮಷೀನೆಷ್ಟು ಅಂತ ಕೇಳೋದು ಬ್ಯಾಡ" ಎಂದರು ಅಕ್ಕನಾಗಮ್ಮ.

"ಮತ್ತೆ ನಾನೇನು ಬಾಯಿಗೆ ಬೀಗ ಹಾಕ್ಕೊಂಡು ಕೂಡ್ರಲೇನು? ಮನೆ ಯಜಮಾನ ಮೂಗ ಅಂದ್ಕೋತಾರೆ."

ಅಕ್ಕನಾಗಮ್ಮ ಯೋಚಿಸಿದರು. ಗಂಡನಿಗೆ ತಿಳಿದ, ಯಾರಿಗೂ ನೋವಾಗದ, ಯಾವ ಅಪಾಯವೂ ಇಲ್ಲದ ವಿಷಯ ಒಂದೇ ಒಂದಿತ್ತು.

"ಬೇಕಾದ್ರೆ ಪ್ಲಾಸ್ಟಿಕ್ ಬಗ್ಗೆ ಮಾತಾಡ್ರಿ" ಎಂದರು.

ಈ ಅಪ್ಪಣೆಯನ್ನು ಅವರು ಆಮೇಲೆ ಎಷ್ಟು ಸಲ ನೆನೆದು ಹಣೆ ಚಚ್ಚಿಕೊಂಡರೋ ಲೆಕ್ಕವಿಲ್ಲ.

ಭಾನುವಾರ ಎಲ್ಲವೂ ಸುಸೂತ್ರವಾಗಿಯೇ ಶುರುವಾಯಿತು. ನಾಗರತ್ನಮ್ಮ ಗಟ್ಟಿ ಧ್ವನಿಯ, ತೆರೆದ ಮನಸ್ಸಿನ ಹೆಂಗಸು. ವೀರೇಶ್ ಮೆತ್ತಗಿನ ಹುಡುಗ. ಕೂತ ಕುರ್ಚಿಗೂ ನೋವಾಗದಂತೆ ಕೂತಿದ್ದ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ತಿಂದಾಯಿತು. ಆಮೇಲೆ ಎಲ್ಲ ಮನೆಗಳಲ್ಲೂ ಇಂಥ ಹೊತ್ತಿನಲ್ಲಿ ಬೀಳುವ ಒಂದು ಮೌನ ಬಿತ್ತು. ಫ್ಯಾನಿನ ಸದ್ದು ಕೇಳತೊಡಗಿತು. ಮೌನ ಮುರಿಯಲೆಂದು ನಾಗರತ್ನಮ್ಮ, ತನುಶ್ರೀ ತಮ್ಮ ಮಗ ಮಾಡಿದ ತಟ್ಟೆಯಲ್ಲೇ ಆಡುತ್ತಾಳಂತಲ್ಲ, ಚೆನ್ನಾಗಿದೆಯಂತೆ ಎಂದರು. ಪಾಪ, ಸೌಜನ್ಯಕ್ಕೆ ಹೇಳಿದ್ದು. ವಾಮದೇವಪ್ಪನವರು ಎದ್ದು ಒಳಗೆ ಹೋಗಿ ಒಂದು ಕೈಯಲ್ಲಿ ಹೊಸ ತಟ್ಟೆ, ಇನ್ನೊಂದು ಕೈಯಲ್ಲಿ ವೀರೇಶನ ಬಣ್ಣಗಲಸು ತಟ್ಟೆ ಹಿಡಿದುಕೊಂಡು ಬಂದರು. ಎರಡನ್ನೂ ತಟ್ಟಿದರು. ಅಕ್ಕನಾಗಮ್ಮ ಅನುಮತಿ ಕೊಟ್ಟ ವಿಷಯವೇ ಆದ್ದರಿಂದ ನಿರಾತಂಕವಾಗಿ ಗಂಟಲು ಸರಿಮಾಡಿಕೊಂಡರು.

"ಅಕ್ಕಾರೆ, ನಿಮ್ಮ ಮಗಂದು ಕೆಲಸ ಅಚ್ಚುಕಟ್ಟು, ಅದ್ರಾಗೆ ಎರಡು ಮಾತಿಲ್ಲ. ಆದ್ರೆ ಮಾಲು ಅಂತ ಒಂದೈತಲ್ರಿ. ಒಂದ್ಸಲ ಒಂದು ಅಚ್ಚಿಗೆ ಹೋಗಿ, ಮುರಿದು ವಾಪಸ್ ಬಂದಿದ್ದನ್ನ ಎಷ್ಟೇ ತೊಳೀರಿ, ಎಷ್ಟೇ ಪಾಲಿಶ್ ಮಾಡ್ರಿ, ಹೊಸದಾಗಂಗಿಲ್ಲ. ಮೇಲೆ ನೋಡಾಕೆ ಚೆನ್ನಾಗೇ ಇರ್ತೈತೆ. ಒಳಗೊಂದು ಬಿರುಕು ಇದ್ದೇ ಇರ್ತೈತೆ. ತಿಳಿದೋರು ಯಾರೂ ಅಂಥದ್ದನ್ನ ಮನೆ ತುಂಬಿಸ್ಕೊಳ್ಳಂಗಿಲ್ಲ."

(ಅಂಗಡಿಗೆ ಮಾಲು ಇಳಿಸಿಕೊಳ್ಳುವುದಕ್ಕೂ ಅವರು 'ಮನೆ ತುಂಬಿಸಿಕೊಳ್ಳುವುದು' ಎಂದೇ ಹೇಳುತ್ತಿದ್ದರು. ಆದರೆ ಅದು ನಾಗರತ್ನಮ್ಮನವರಿಗೆ ಹೇಗೆ ಗೊತ್ತಿರಬೇಕು?)

ಚಹದ ಲೋಟಗಳನ್ನು ಹಿಡಿದು ಬರುತ್ತಿದ್ದ ತನುಶ್ರೀ ಅರ್ಧ ದಾರಿಯಲ್ಲಿ ನಿಂತಳು. ತಟ್ಟೆಯನ್ನು (ಇದು ನಿಜವಾದ ತಟ್ಟೆ, ಸ್ಟೀಲಿನದು) ಮೆಲ್ಲಗೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಕ್ಕನಾಗಮ್ಮ ಕೆಮ್ಮಿದರು. ಆ ಕೆಮ್ಮಿಗೆ ಹೆಂಡತಿಯ ಗಂಟಲು ಕೆಟ್ಟಿದೆಯೆಂದು ಅರ್ಥ ಮಾಡಿಕೊಂಡ ವಾಮದೇವಪ್ಪನವರು, ಎಲ್ಲರೂ ಸುಮ್ಮನಾದದ್ದನ್ನು ತಮ್ಮ ವಾದಕ್ಕೆ ಸಿಕ್ಕ ಜಯವೆಂದು ತಿಳಿದು, ಬಣ್ಣಗಲಸು ತಟ್ಟೆಯನ್ನು ನಾಗರತ್ನಮ್ಮನವರ ಕೈಗೇ ಕೊಟ್ಟು, ನೀವೇ ತಟ್ಟಿ ನೋಡಿ ಎಂದರು. ಆಕೆ ತಟ್ಟಲಿಲ್ಲ, ಮೇಜಿನ ಮೇಲಿಟ್ಟರು. ಚಹ ಕುಡಿದು, ಹರಿಹರಕ್ಕೆ ಬೇಗ ಹೋಗಬೇಕೆಂದು ಎದ್ದರು. ವೀರೇಶ್ ಒಳಬಾಗಿಲಿನ ಕಡೆ ಒಮ್ಮೆ ನೋಡಿ ತಾಯಿಯ ಹಿಂದೆ ಹೋದ.

ಗೇಟು ಹಾಕಿಕೊಂಡು ಬಂದ ಗಂಡನನ್ನು ಅಕ್ಕನಾಗಮ್ಮ ಬಾಗಿಲಲ್ಲೇ ನಿಲ್ಲಿಸಿಕೊಂಡರು. ಅವರು ಬೈದಿದ್ದರೆ ವಾಮದೇವಪ್ಪನವರಿಗೆ ಅಭ್ಯಾಸವಿತ್ತು. ಬೈಯಲಿಲ್ಲ.

"ಅವರೆದ್ರಿಗೆ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ರಿ" ಎಂದರು.

"ಪ್ಲಾಸ್ಟಿಕ್ ಬಗ್ಗೆ ಮಾತಾಡು ಅಂದವಳು ನೀನೇ."

"ಹೌದು. ಈಗ ಪ್ಲಾಸ್ಟಿಕ್ ಅನ್ನೋದು ಮರೆತು, ಅದೇ ಮಾತು ಹೇಳ್ರಿ."

ವಾಮದೇವಪ್ಪನವರು ಸವಾಲಿಗೆ ಹೆದರುವವರಲ್ಲ. ಅದೇ ಗತ್ತಿನಲ್ಲಿ ಶುರು ಮಾಡಿದರು. "ಒಂದ್ಸಲ ಹೋಗಿ, ಮುರಿದು ವಾಪಸ್ ಬಂದಿದ್ದನ್ನ..." ಅಲ್ಲಿಗೆ ಧ್ವನಿ ನಿಂತಿತು. ಬಾಯಿ ತೆರೆದೇ ಇತ್ತು. ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಊರಿನ ಬಕೆಟ್ಟುಗಳನ್ನೆಲ್ಲ ತಟ್ಟಿದ ಆ ಮನುಷ್ಯನಿಗೆ ತನ್ನದೇ ಮಾತು ಆ ಗಳಿಗೆಯಲ್ಲಿ ತಟ್ಟಿತು. ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟರು. (ಅದು ಹೊಸ ಮಾಲಿನದೇ. ಆದರೂ ಮುರಿಯಿತು.)

ಮರುದಿನದಿಂದ ಮನೆಯಲ್ಲಿ ಗಲಾಟೆಯೇನೂ ಆಗಲಿಲ್ಲ. ಗಲಾಟೆಯಾಗಿದ್ದರೆ ಒಳ್ಳೆಯದಿತ್ತು. ತನುಶ್ರೀ ಕರೆದರೆ ಓಗೊಡುತ್ತಿದ್ದಳು, ಮಾತ್ರೆ ತಗೊಂಡ್ರಾ ಎಂದು ಕೇಳುತ್ತಿದ್ದಳು. ಬೆಳಿಗ್ಗೆ ಮಾತ್ರ ತಂದೆ ಏಳುವ ಮೊದಲೇ ಮೈದಾನಕ್ಕೆ ಹೋಗಿಬಿಡುತ್ತಿದ್ದಳು. ಮೇಜಿನ ಮೇಲಿದ್ದ ಬಣ್ಣಗಲಸು ತಟ್ಟೆ ಕಾಣೆಯಾಗಿತ್ತು. ಹರಿಹರದಿಂದ ಸುದ್ದಿಯಿರಲಿಲ್ಲ. ವಾಮದೇವಪ್ಪನವರು ಅಂಗಡಿಯಲ್ಲಿ ಕೂತರೆ ಕೈ ಏಳುತ್ತಿರಲಿಲ್ಲ. ನಿಟ್ಟುವಳ್ಳಿಯ ರಹೀಮುನ್ನೀಸಾ ಎಂಬ ಹಳೆಯ ಗಿರಾಕಿ ಮಗಳ ಬಾಣಂತನಕ್ಕೆಂದು ಟಬ್ಬು ಕೊಳ್ಳಲು ಬಂದು, ತಟ್ಟಿ ಹೇಳಿ ಸಾವ್ಕಾರ್ರೆ ಎಂದಾಗ, ಗೆಣ್ಣನ್ನು ಮೇಲೆತ್ತಿ ಅಲ್ಲೇ ಹಿಡಿದರು. 'ಗುಜರಿ' ಎಂಬ ಶಬ್ದ ಬಾಯಿಂದ ಬಾರದು. ಕೊನೆಗೆ, ನೀರು ನಿಲ್ಲುತ್ತದೆ ತಾಯಿ, ಅಷ್ಟು ಸಾಕು ಎಂದು ಕಟ್ಟಿಕೊಟ್ಟರು. ಸಾಹುಕಾರರಿಗೆ ಮೈ ಸರಿಯಿಲ್ಲವೆಂದು ಮಂಡಿಪೇಟೆಯಲ್ಲಿ ಸುದ್ದಿಯಾಯಿತು.

ಕೊರಗಿ ಕೊರಗಿ ಒಂದು ಮಧ್ಯಾಹ್ನ ಅವರಿಗೊಂದು ದಿವ್ಯವಾದ ಉಪಾಯ ಹೊಳೆಯಿತು. ಹರಿಹರಕ್ಕೆ ಹೋಗಿ, ವೀರೇಶನ ತಟ್ಟೆಯೇ ಶ್ರೇಷ್ಠವೆಂದು ನಾಲ್ಕು ಜನರೆದುರು ಸಾರಿಬಿಟ್ಟರೆ? ಗುಜರಿಗೆ ಮರ್ಯಾದೆ ಬಂತು, ಬೀಗರಿಗೆ ಸಮಾಧಾನವಾಯಿತು, ಮಗಳು ನಕ್ಕಳು. ಉಪಾಯವನ್ನು ಹೆಂಡತಿಗೆ ಹೇಳಿದರು. ಅಕ್ಕನಾಗಮ್ಮ ಹಸನು ಮಾಡುತ್ತಿದ್ದ ಜೋಳದ ಮೊರದಿಂದ ಕಣ್ಣೆತ್ತಲಿಲ್ಲ.

"ಹರಿಹರಕ್ಕೆ ಯಾಕ ಹೋಗ್ತೀರಿ? ಪಕ್ಕದ ಕೋಣಿಗೆ ಹೋಗ್ರಿ."

ಮಾತು ಸರಿಯಾಗಿಯೇ ಇತ್ತು. ಆದರೆ ಪಕ್ಕದ ಕೋಣೆಗೆ ಬಸ್ಸಿರಲಿಲ್ಲ. ಹರಿಹರಕ್ಕಿತ್ತು. ವಾಮದೇವಪ್ಪನವರು ಬಸ್ಸು ಹತ್ತಿದರು.

ಕಾರ್ಖಾನೆಯಲ್ಲಿ ವೀರೇಶ್ ಗಾಬರಿಯಾಗಿ ಕುರ್ಚಿ ಹಾಕಿದ. ವಾಮದೇವಪ್ಪನವರು ಸುತ್ತು ಬಳಸಿ ಬಂದ ವಿಷಯ ಹೇಳಿದರು. ವೀರೇಶ್, ತಮ್ಮ ಕಡೆಯಿಂದ ಏನೂ ಬೇಸರವಿಲ್ಲ, ಅವ್ವ ಅವತ್ತೇ ನಕ್ಕು ಬಿಟ್ಟಳು, ಸ್ವಲ್ಪ ದಿನ ಈ ಮಾತು ಬೇಡ ಅಂದವರು ತನುಶ್ರೀಯವರೇ ಎಂದು ನಿಜವನ್ನೇ ಹೇಳಿದ. ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ವಾಮದೇವಪ್ಪನವರು ಹುಡುಗನ ದೊಡ್ಡ ಗುಣವೆಂದು ಹೊಗಳಿ, ಪಕ್ಕಕ್ಕಿಟ್ಟು, ಭಾನುವಾರ ತುಂಗಭದ್ರೆಯ ದಂಡೆಯಲ್ಲಿ ಎರಡೂ ಊರಿನ ಆಟಗಾರರು ಸೇರುತ್ತಾರಲ್ಲ, ಅಲ್ಲಿ ಬಹಿರಂಗ ಪರೀಕ್ಷೆ ಆಗಲೇಬೇಕು ಎಂದು ಪಟ್ಟು ಹಿಡಿದರು. ಒಂದೇ ಅಚ್ಚಿನಲ್ಲಿ, ಒಂದೇ ತೂಕಕ್ಕೆ, ಹೊಸ ಕಾಳಿನದೊಂದು, ಗುಜರಿಯದೊಂದು, ಎರಡಕ್ಕೂ ಕಪ್ಪು ಬಣ್ಣ ಬೆರೆಸಿ ಮಾಡಬೇಕು. ಯಾವುದು ಯಾವುದೆಂದು ತಳಕ್ಕೆ ಬರೆದು ಮೇಲೊಂದು ಟೇಪು ಅಂಟಿಸಬೇಕು. ತಾವು ತಟ್ಟಿ, ಎಸೆದು, ತೀರ್ಪು ಕೊಡುವುದು. ಗುಜರಿ ಯಾವುದೆಂಬುದು ತಮ್ಮ ಕಿವಿಗೆ ಗೊತ್ತಾಗಿಯೇ ಆಗುತ್ತದೆ. ಅದನ್ನೆತ್ತಿ ಹಾಡಿ ಹೊಗಳುವುದು, ಹೊಸದನ್ನು ಹಿಗ್ಗಾಮುಗ್ಗಾ ಜರೆಯುವುದು. ಇದು ಒಳಗಿನ ಯೋಜನೆ.

ಭಾನುವಾರ ನದಿಯ ಮೇಲಿನಿಂದ ಗಾಳಿ ಬೀಸುತ್ತಿತ್ತು. ತಂದೆ ಅಲ್ಲಿ ನಿಂತಿದ್ದನ್ನು ನೋಡಿ ತನುಶ್ರೀ ಹತ್ತಿರ ಬರಲಿಲ್ಲ. ಗುಂಪಿನ ಹಿಂದೆ ಕೈಕಟ್ಟಿ ನಿಂತಳು. ನಾಗರತ್ನಮ್ಮ ಮರಳಿನ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ವೀರೇಶ್ ಎರಡು ಕಪ್ಪು ತಟ್ಟೆಗಳನ್ನು ಕೊಟ್ಟ. ವಾಮದೇವಪ್ಪನವರು ಮೊದಲನೆಯದನ್ನು ಕಿವಿಗೆ ಹಿಡಿದು ತಟ್ಟಿದರು. ಟಣ್. ಎರಡನೆಯದನ್ನು ತಟ್ಟಿದರು. ಡಬ್. ಸಂಶಯಕ್ಕೆ ಎಡೆಯೇ ಇರಲಿಲ್ಲ. ಆಮೇಲೆ ಎಸೆದರು. ಟಣ್ ಎಂದದ್ದು ಎಡಕ್ಕೆ ವಾಲಿ ನೀರಿನಂಚಿನ ಕಲ್ಲಿಗೆ ಬಡಿಯಿತು. ಡಬ್ ಎಂದದ್ದು, ಅವರ ಜೀವಮಾನದಲ್ಲಿ ಮೊದಲ ಬಾರಿಗೆ, ನೆಟ್ಟಗೆ ಹಾರಿ ಸರಪಳಿಗೆ ತಗುಲಿ ಝಲ್ಲೆಂದು ಬುಟ್ಟಿಗೆ ಬಿತ್ತು. ದೇವರೇ ತಮ್ಮ ಕಡೆಗಿದ್ದಾನೆ ಎಂದುಕೊಂಡು ಅವರು ಎರಡನ್ನೂ ತರಿಸಿಕೊಂಡು ಕೈ ಮೇಲೆತ್ತಿದರು.

"ಈ ಬುಟ್ಟಿಗೆ ಬಿದ್ದಿದ್ದು ಗುಜರಿ ಮಾಲು. ಬೆಂಕಿ ದಾಟಿ ಬಂದ ಮಾಲು. ನೋಡಿದ್ರಲ್ಲ, ಇದು ಬಂಗಾರ. ಇನ್ನು ಇದು, ಕಲ್ಲಿಗೆ ಬಡಿದಿದ್ದು, ಹೊಸಾದು. ಬರೀ ಸದ್ದು, ಒಳಗೆ ಟೊಳ್ಳು. ಇಂಥದ್ದು ನಮ್ಮ ಮನೆ ಬಾಗಿಲಾಗೆ ಬಿದ್ದಿದ್ರೂ ನಾನು ಎತ್ತಂಗಿಲ್ಲ."

ಹೀಗೆಂದು ಅದನ್ನು ಮರಳಿಗೆ ಬಿಸಾಡಿದರು.

ವೀರೇಶ್ ಟೇಪು ಕೀಳದೆ ನಿಂತಿದ್ದ. ಅವನ ಮುಖ ನೋಡಿದ ಯಾರಿಗಾದರೂ ವಿಷಯ ತಿಳಿಯಬೇಕಿತ್ತು; ವಾಮದೇವಪ್ಪನವರು ಮುಖ ನೋಡಲಿಲ್ಲ, ತಾವೇ ಟೇಪು ಕಿತ್ತರು. ಬಂಗಾರದ ತಳದಲ್ಲಿ 'ಹೊಸದು' ಎಂದಿತ್ತು. ಮರಳಿನಲ್ಲಿ ಬಿದ್ದಿದ್ದನ್ನು ನಾಗರತ್ನಮ್ಮನವರೇ ಎತ್ತಿ ಧೂಳು ಒರೆಸಿ ಟೇಪು ತೆಗೆದರು. 'ಗುಜರಿ.'

ಕ್ಷಮೆ ಕೇಳಲೆಂದು ಬಂದ ಮನುಷ್ಯ, ಇಷ್ಟು ಜನರೆದುರು, ಅದೇ ಅವಮಾನವನ್ನು ಇನ್ನಷ್ಟು ಒಗ್ಗರಣೆ ಹಾಕಿ ಮತ್ತೊಮ್ಮೆ ಬಡಿಸಿದ್ದರು. ಜೊತೆಗೆ ಮಂಡಿಪೇಟೆಯನ್ನು ಆಳಿದ ಅವರ ಕಿವಿಯ ಸಾಮ್ರಾಜ್ಯವೂ ತುಂಗಭದ್ರೆಯ ಪಾಲಾಯಿತು. ಇಷ್ಟು ವರ್ಷ ಟಣ್ ಎಂದದ್ದೆಲ್ಲ ಏನು, ಡಬ್ ಎಂದದ್ದೆಲ್ಲ ಏನು? ಎಷ್ಟು ಒಳ್ಳೆಯ ಬಕೆಟ್ಟುಗಳನ್ನು ಮೂಗು ಸೊಟ್ಟ ಮಾಡಿ ವಾಪಸ್ಸು ಕಳಿಸಿದ್ದೆನೋ ಎಂದು ಅವರಿಗೆ ಕಣ್ಣು ಕತ್ತಲೆಯಾಯಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ತನುಶ್ರೀ ನದಿಯ ಕಡೆ ತಿರುಗಿದ್ದಳು. ಅವಳ ಹೆಗಲು ಅಲುಗುತ್ತಿದ್ದವು. ನಗುವೋ ಅಳುವೋ ತಂದೆಗೆ ತಿಳಿಯಲಿಲ್ಲ.

ಆಟ ಮುಂದುವರಿಯಿತು. ವಾಮದೇವಪ್ಪನವರು ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣು ಕೆಂಪಾಗಿದ್ದವು, ತುಟಿಯಲ್ಲಿ ನಗುವೂ ಇತ್ತು. ಎರಡೂ ಆಗಿತ್ತು ಎಂದು ಕಾಣುತ್ತದೆ.

"ಅಪ್ಪಾಜಿ, ಅವತ್ತು ನೀವು ತಟ್ಟೆ ಬಗ್ಗೆನೇ ಹೇಳಿದ್ದು ಅಂತ ನಂಗೆ ಗೊತ್ತು. ಅದಕ್ಕೆ ಬೇಜಾರಿಲ್ಲ."

"ಮತ್ಯಾಕವ್ವ ನನ್ನ ಬಿಟ್ಟು ಮೈದಾನಕ್ಕೆ ಹೋಗಾಕೆ ಹತ್ತಿದ್ದೆ?"

ತನುಶ್ರೀ ಮರಳಿನಲ್ಲಿ ಬೆರಳಾಡಿಸುತ್ತ ಕೂತಳು. ಆಮೇಲೆ ಹೇಳಿದಳು.

"ನಾನು ವಾಪಸ್ ಬಂದಾಗಿಂದ ನೀವು ಏನಾತು ಅಂತ ಒಂದ್ಸಲನೂ ಕೇಳ್ಲಿಲ್ಲ. ಮಂಚ ತಂದ್ರಿ, ಗೀಸರ್ ಹಾಕ್ಸಿದ್ರಿ. ಕೇಳಿದ್ರೆ ತಪ್ಪು ನಂದೇ ಅಂತ ಗೊತ್ತಾಗ್ತೈತೆ ಅಂತ ಹೆದ್ರಿದೀರೇನೋ ಅನ್ಕೊಂಡಿದ್ದೆ. ಅವತ್ತು ನೀವು ಅಷ್ಟುದ್ದ ಮಾತಾಡಿದ್ರಲ್ಲ, ನನ್ನ ಬಗ್ಗೆ ಬರದೇ ಇದ್ದ ಮಾತು ಒಂದು ತಟ್ಟೆ ಬಗ್ಗೆ ಬಂತಲ್ಲ ಅನ್ನಿಸ್ತು. ಅಷ್ಟೇ."

ವಾಮದೇವಪ್ಪನವರಿಗೆ ಹೇಳಲು ಬಹಳ ಇತ್ತು. ನಿನಗೆ ನೋವಾಗಬಾರದೆಂದೇ ಕೇಳಲಿಲ್ಲ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅದು ಪೂರ್ತಿ ನಿಜವಲ್ಲವೆಂದು ಆ ಹೊತ್ತಿಗೆ ಅವರಿಗೂ ಹೊಳೆದಿತ್ತು. ಅವರು ಹೆದರಿದ್ದು ನಿಜ. ಮಗಳ ತಪ್ಪಿಗಲ್ಲ, ಆ ಸಂಬಂಧ ಹುಡುಕಿ ಕೊಟ್ಟ ತಮ್ಮ ತಪ್ಪಿಗೆ.

"ಏನಾತು ಮಗಾ?" ಎಂದು ಕೇಳಿದರು.

ಅವಳು ಹೇಳಿದಳು. ಹೊಡೆತ ಬಡಿತದ ಕಥೆಯಲ್ಲ ಅದು. ಉಟ್ಟ ಸೀರೆ, ಮಾಡಿದ ಸಾರು, ಆಡಿದ ಮಾತು, ನಕ್ಕ ನಗು, ಯಾವುದೂ ಆ ಮನೆಯಲ್ಲಿ ಸರಿಯಿರುತ್ತಿರಲಿಲ್ಲ; ಕಡೆಕಡೆಗೆ ಉಸಿರಾಡುವಾಗಲೂ ಇದು ಸರಿಯೋ ತಪ್ಪೋ ಎಂದು ಯೋಚಿಸುವಂತಾಗಿತ್ತು. ಒಮ್ಮೆ ಅಪ್ಪಾಜಿ ನೋಡಲು ಬಂದಾಗ ಹೇಳಿಬಿಡೋಣವೆಂದು ಹಿತ್ತಿಲಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಅವರು ತಲೆಯೆತ್ತಿ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ನೋಡಿ, ಒಳ್ಳೇ ಮಾಲು ಹಾಕ್ಸ್ಯಾರೆ, ಒಳ್ಳೇ ಮನೆತನ ಎಂದು ಮೆಚ್ಚಿ ಬಸ್ಸಿಗೆ ಹೊರಟಿದ್ದರು. ಅದನ್ನು ಅವಳು ದೂರಾಗಿ ಹೇಳಲಿಲ್ಲ, ಕಥೆಯ ನಡುವೆ ಬಂದ ಒಂದು ಸಂಗತಿಯಾಗಿ ಹೇಳಿದಳು. ವಾಮದೇವಪ್ಪನವರಿಗೆ ಆ ಟ್ಯಾಂಕು ಚೆನ್ನಾಗಿ ನೆನಪಿತ್ತು. ಅದರ ಬಣ್ಣ, ಮುಚ್ಚಳ, ಕಂಪನಿ ಎಲ್ಲ ನೆನಪಿತ್ತು. ಆ ದಿನದ ಮಗಳ ಮುಖ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಅವರು ಒಂದು ಮಾತೂ ಆಡದೆ ಕೇಳುತ್ತಾ ಕೂತರು. ಮಾತು ಮುಗಿಯುವ ಹೊತ್ತಿಗೆ ಆಟಗಾರರು ಬುಟ್ಟಿಗಳನ್ನು ಬಿಚ್ಚಿ ವ್ಯಾನಿಗೆ ಹಾಕುತ್ತಿದ್ದರು.

ಕಾರ್ತೀಕದಲ್ಲಿ ತನುಶ್ರೀ ತಾನಾಗಿಯೇ ಹರಿಹರದವರನ್ನು ಮತ್ತೆ ಕರೆದಳು. ಈ ಸಲ ಅಕ್ಕನಾಗಮ್ಮ ಯಾವ ಅವಕಾಶವನ್ನೂ ಉಳಿಸಲಿಲ್ಲ. ಪ್ಲಾಸ್ಟಿಕ್ ಬ್ಯಾಡ, ಗಾಜು ಬ್ಯಾಡ, ಕಬ್ಬಿಣ ಬ್ಯಾಡ, ಪಾತ್ರೆಪಗಡದ ಸುದ್ದಿಯೇ ಬ್ಯಾಡ. ಮಾತಾಡಲೇಬೇಕಾದರೆ ಮಳೆ ಬೆಳೆ ಎಂದು ಎರಡು ಮಾತಾಡಿ ಸುಮ್ಮನಾಗಬೇಕು ಎಂದು ಆಜ್ಞೆಯಾಯಿತು. ವಾಮದೇವಪ್ಪನವರು ಒಪ್ಪಿದರು. ನಾಗರತ್ನಮ್ಮ, ವೀರೇಶ್ ಬಂದರು. ಮಂಡಕ್ಕಿ ತಿಂದಾಯಿತು. ಫ್ಯಾನಿನ ಸದ್ದು ಕೇಳತೊಡಗಿತು. ಹೊರಗೆ, ನಿಂತೇ ಹೋಯಿತೆಂದುಕೊಂಡಿದ್ದ ಮಳೆ ಎರಡು ದಿನದಿಂದ ಮತ್ತೆ ಹಿಡಿದಿತ್ತು. ವಾಮದೇವಪ್ಪನವರು ಕಿಟಕಿ ನೋಡಿದರು, ಹೆಂಡತಿಯನ್ನು ನೋಡಿದರು, ಧೈರ್ಯ ಮಾಡಿದರು.

"ಹೋದದ್ದು ಹಿಂಗೆ ವಾಪಸ್ ಬಂದ್ರೆ..." ಎಂದು ಶುರು ಮಾಡಿ ಗಕ್ಕನೆ ನಿಂತರು.

ಅಕ್ಕನಾಗಮ್ಮ ಮತ್ತೆ ಕೆಮ್ಮಿದರು. ವೀರೇಶ್ ನೆಲ ನೋಡಿದ. ವಾಕ್ಯವನ್ನು ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತನುಶ್ರೀ ಒಬ್ಬಳೇ ತಂದೆಯನ್ನೇ ನೋಡುತ್ತಿದ್ದಳು.

"ಬಂದ್ರೆ ಏನಪ್ಪಾಜಿ? ಹೇಳ್ರಿ" ಎಂದಳು.

ವಾಮದೇವಪ್ಪನವರು ಮಗಳನ್ನು ನೋಡಿದರು.

"ಬಂದ್ರೆ ಭಾಗ್ಯ ಕಣವ್ವ. ಬರ್ಲಿ. ಬಂದಿದ್ದು ನಮ್ಮ ಪುಣ್ಯ. ಮೊದಲಿಗಿಂತ ಈಗಲೇ ಬೆಲೆ ಜಾಸ್ತಿ."

ಇಷ್ಟು ದಿನ ಹೇಳಬೇಕಾಗಿದ್ದ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. ತನುಶ್ರೀ ತಲೆ ತಗ್ಗಿಸಿದಳು. ಅಕ್ಕನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗರತ್ನಮ್ಮ ಲೋಟವನ್ನು ಕೆಳಗಿಟ್ಟರು.

"ಅಣ್ಣಾರೆ, ಏನ್ ಮಾತು ಅಂತ ಆಡ್ತೀರಿ? ಕೊಕ್ಕನೂರಾಗೆ ನಮ್ಮ ಭತ್ತ ಕೊಯ್ದು ಹಾಕಿ ಎರಡು ದಿನ ಆತು. ಈ ಹಾಳು ಮಳೆಗೆ ಗದ್ದ್ಯಾಗೇ ಮೊಳಕೆ ಒಡೀತಾ ಐತೆ. ನಿಮಗೆ ಭಾಗ್ಯ, ಪುಣ್ಯನಾ?"

ವೀರೇಶ್ ಅವ್ವನ ಕೈ ಹಿಡಿದೆಳೆದ. ಆಕೆ ಬಿಡಿಸಿಕೊಂಡರು. ಸೆರಗಿನೊಳಗಿದ್ದ ಅಕ್ಕನಾಗಮ್ಮ ಸೆರಗಿನೊಳಗೇ ಉಳಿದರು. ವಾಮದೇವಪ್ಪನವರಿಗೆ ಬಾಯಿ ತೆರೆದು, ತಾಯಿ, ನಾನು ಹೇಳಿದ್ದು ಮಳೆಯ ಬಗ್ಗೆ ಅಲ್ಲವೇ ಅಲ್ಲ ಎಂದು ಹೇಳಿಬಿಡಬೇಕೆನಿಸಿತು. ಹಾಗೆ ಹೇಳಿದರೆ ಇನ್ನು ಯಾವುದರ ಬಗ್ಗೆ ಎಂದು ಆಕೆ ಕೇಳುತ್ತಾರೆ, ಆಗ ಮಗಳನ್ನು ನಡುಮನೆಯಲ್ಲಿ ನಿಲ್ಲಿಸಿ ವಿವರಣೆ ಕೊಡಬೇಕಾಗುತ್ತದೆ. ಬೇಡವೆನಿಸಿತು. ಕೈಮುಗಿದು ಭತ್ತಕ್ಕೆ ಕ್ಷಮೆ ಕೇಳಿದರು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾಗರತ್ನಮ್ಮ ಅಷ್ಟಕ್ಕೆ ಬಿಡಲಿಲ್ಲ. ಬಿತ್ತನೆ ಬೀಜದಿಂದ ಶುರು ಮಾಡಿ, ನಾಟಿ, ಕಳೆ, ಗೊಬ್ಬರ, ಹಂದಿ ಕಾಟ, ಕೊಯ್ಲಿನವರ ಸೊಕ್ಕು, ಎಲ್ಲವನ್ನೂ ದೀಪ ಹಚ್ಚುವವರೆಗೆ ಹೇಳಿದರು. ತನುಶ್ರೀ ಬಾಗಿಲಿಗೊರಗಿ ನಗು ತಡೆದುಕೊಂಡು ನಿಂತಿದ್ದಳು. ವಾಮದೇವಪ್ಪನವರು ಹೂಂ ಹೂಂ ಎನ್ನುತ್ತಾ ಕೇಳಿದರು.